ಆಲ್ಪಮಾಯೊ: ಮೇಲಿನಿಂದ ಕೆಳಕ್ಕೆ ಹಾಕುವ ಲೆಕ್ಕ

ಪೆರುವಿನ ಆಲ್ಪಮಾಯೊ ಹತ್ತಬೇಕೆನ್ನುವವರು ಯೋಜನೆಯನ್ನು ಸಾಮಾನ್ಯವಾಗಿ ವಿಮಾನದ ಟಿಕೆಟ್ಟಿನಿಂದ ಶುರು ಮಾಡುತ್ತಾರೆ. ಲಿಮಾ, ಅಲ್ಲಿಂದ ಬಸ್ಸಿನಲ್ಲಿ ಎಂಟು ತಾಸು ವಾರಾಸ್, ಆಮೇಲೆ ಕತ್ತೆಗಳ ಮೇಲೆ ಸಾಮಾನು, ಬೇಸ್ ಕ್ಯಾಂಪ್, ಮೇಲಿನ ಕ್ಯಾಂಪ್, ಶಿಖರ. ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ. ತೊಂದರೆಯೆಂದರೆ, ಹೀಗೆ ಬರೆದ ಪಟ್ಟಿಯಲ್ಲಿ ಶಿಖರ ಕೊನೆಯ ಸಾಲಾಗುತ್ತದೆ, ಅದರ ಕೆಳಗೆ ಬರೆಯಲು ಜಾಗವೇ ಉಳಿದಿರುವುದಿಲ್ಲ. ಈ ಬೆಟ್ಟದಲ್ಲಿ ಅಸಲಿ ಕೆಲಸ ಶುರುವಾಗುವುದು ಆ ಸಾಲಿನ ಕೆಳಗೆ. ಹತ್ತಿದ ದಾರಿಯಲ್ಲೇ, ನಿಮ್ಮ ಹಗ್ಗದಲ್ಲೇ, ನೀವೇ ಕೊರೆದ ಮಂಜುಗಡ್ಡೆಯ ತೂತುಗಳನ್ನು ನಂಬಿಕೊಂಡು ಏಳೆಂಟು ಸಲ ಜೋತುಬಿದ್ದು ಇಳಿಯಬೇಕು. ಬೇರೆ ಸುಲಭದ ದಾರಿ ಇಲ್ಲ. ಹಾಗಾಗಿ ಈ ಬರಹವೂ ಶಿಖರದಿಂದಲೇ ಶುರುವಾಗಿ ಊರಿನ ಕಡೆಗೆ ಇಳಿಯುತ್ತದೆ.

ಎತ್ತರ 5947 ಮೀಟರ್. ಆರು ಸಾವಿರ ಮುಟ್ಟಲು ಬರೀ 53 ಮೀಟರ್ ಕಮ್ಮಿ. ಎತ್ತರದ ಪಟ್ಟಿಯಲ್ಲಿ ಇದಕ್ಕೆ ದೊಡ್ಡ ಸ್ಥಾನವಿಲ್ಲ, ಅದೇ ಕಾರ್ಡಿಲೆರಾ ಬ್ಲಾಂಕಾ ಶ್ರೇಣಿಯ ವಾಸ್ಕರಾನ್ ಇದಕ್ಕಿಂತ ಎಂಟುನೂರು ಮೀಟರ್ ಮೇಲಿದೆ. ಆದರೆ 1966ರಲ್ಲಿ ಒಂದು ಜರ್ಮನ್ ಪರ್ವತಾರೋಹಣ ಪತ್ರಿಕೆ ಜಗತ್ತಿನ ಅತಿ ಸುಂದರ ಶಿಖರವೆಂದು ಇದನ್ನು ಆರಿಸಿದ ಮೇಲೆ ಇದರ ನೈಋತ್ಯ ಮುಖದ ಫೋಟೊ ನೋಡದ ಆರೋಹಿಯೇ ಇಲ್ಲ. ಫೋಟೊದಲ್ಲಿ ಕಾಣುವುದು ನೆರಿಗೆ ಹಿಡಿದ ಬಿಳಿ ಸೀರೆಯಂಥ ಗೋಡೆ. ಪ್ರತಿ ನೆರಿಗೆಯೂ ಹಿಮದ ಒಂದು ಏಣು, ಎರಡು ಏಣುಗಳ ನಡುವೆ ಒಂದು ಗಾಡಿ, ಅಂದರೆ ಮೇಲಿನಿಂದ ಕೆಳಕ್ಕೆ ಇಳಿದ ತೋಡು. ಹತ್ತುವುದು ಆ ಗಾಡಿಯೊಳಗೆ. ಗಾಡಿಯೆಂದರೆ ಚರಂಡಿ ಎಂದೇ ಇಟ್ಟುಕೊಳ್ಳಿ: ಮೇಲೆ ಏನೇ ಸಡಿಲವಾದರೂ ಅಲ್ಲೇ ಹರಿದು ಬರುತ್ತದೆ. ಚಂದವೂ ಅಪಾಯವೂ ಒಂದೇ ಆಕಾರದಿಂದ ಹುಟ್ಟಿವೆ.

ನೆತ್ತಿಯ ಮೇಲಿನದು ಕಾರ್ನಿಸ್. ಗಾಳಿ ಹಿಮವನ್ನು ತಳ್ಳಿ ತಳ್ಳಿ ಏಣಿನ ಅಂಚಿನಾಚೆಗೆ ಸೂರಿನಂತೆ ಚಾಚಿ ನಿಲ್ಲಿಸಿದ ಗಟ್ಟಿ ಹಿಮ, ಕೆಳಗೆ ಆಧಾರವಿಲ್ಲ. ಈ ಬೆಟ್ಟದ ಇತಿಹಾಸ ಪೂರ್ತಿ ಆ ಸೂರಿನ ಸುತ್ತಲೇ ಇದೆ. 1948ರಲ್ಲಿ ಸ್ವಿಸ್ ತಂಡವೊಂದು ಉತ್ತರದ ಏಣಿನಲ್ಲಿ ಕಾರ್ನಿಸ್ ಮುರಿದು ಅದರ ಜೊತೆಗೇ ಕೆಳಗೆ ಬಿದ್ದು, ಪುಣ್ಯಕ್ಕೆ ಬದುಕಿ ವಾಪಸ್ ಹೋಯಿತು. 1951ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನವರ ತಂಡ ಶಿಖರ ಮುಟ್ಟಿದೆವೆಂದೇ ತಿಳಿದಿತ್ತು. ಆಮೇಲೆ ಫೋಟೊಗಳನ್ನು ಜೋಡಿಸಿ ನೋಡಿದಾಗ ಅವರು ನಿಂತಿದ್ದು ಉತ್ತರದ ನೆತ್ತಿ, ನಿಜವಾದ ತುದಿ ಇನ್ನೊಂದು ಕಡೆ ಉಳಿದಿತ್ತು ಎಂದು ಗೊತ್ತಾಯಿತು. ಅದನ್ನು ಮೊದಲು ಮುಟ್ಟಿದ್ದು 1957ರಲ್ಲಿ ಗುಂಟರ್ ಹೌಸರ್ ನಾಯಕತ್ವದ ಜರ್ಮನ್ ತಂಡ, ದಕ್ಷಿಣದ ಏಣಿನಿಂದ. 1975ರಲ್ಲಿ ಇಟಲಿಯ ಕಸಿಮಿರೊ ಫೆರಾರಿ ತಂಡ ನೈಋತ್ಯ ಮುಖದ ಗಾಡಿಯೊಂದನ್ನು ಹತ್ತಿತು. ಮುಂದೆ ಬಹಳ ವರ್ಷ ಎಲ್ಲರೂ ಹತ್ತಿದ್ದು ಅದನ್ನೇ. 2003ರ ಜುಲೈನಲ್ಲಿ ಆ ಗಾಡಿಯ ತಲೆಯ ಮೇಲಿನ ಹಿಮ ಕಳಚಿ, ಕೆಳಗಿದ್ದ ಎಂಟು ಜನ ಸತ್ತರು. ಅಂದಿನಿಂದ ಜನ ಬಲಗಡೆಯ ಫ್ರೆಂಚ್ ಡೈರೆಕ್ಟ್ ಎಂಬ ಗಾಡಿಗೆ ಹೊರಳಿದ್ದಾರೆ. ಅದರ ಮೇಲೂ ಕಾರ್ನಿಸ್ ಇಲ್ಲವೆಂದಲ್ಲ, ಇರುವುದು ಚಿಕ್ಕದು ಅಷ್ಟೇ. ಪ್ರತಿ ವರ್ಷ ಆಕಾರ ಬದಲಾಗುತ್ತದೆ. ಹೋದ ವರ್ಷದ ಫೋಟೊ ಇಟ್ಟುಕೊಂಡು ಈ ವರ್ಷದ ದಾರಿ ತೀರ್ಮಾನಿಸುವುದು ಹಳೆಯ ಪಂಚಾಂಗ ನೋಡಿ ಹಬ್ಬ ಮಾಡಿದ ಹಾಗೆ.

ಗೋಡೆಗೂ ಕಾರ್ನಿಸ್‌ಗೂ ಬಿಸಿಲು ಒಂದೇ ಹೊತ್ತಿಗೆ ಬೀಳುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಆಲ್ಪಮಾಯೊ ಇರುವುದು ದಕ್ಷಿಣ ಅಕ್ಷಾಂಶ 9 ಡಿಗ್ರಿ ಹತ್ತಿರ. ಹತ್ತುವ ಕಾಲ ಜೂನ್, ಜುಲೈ, ಆಗಸ್ಟ್, ಆಗ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ನೈಋತ್ಯ ಮುಖ ಹೆಚ್ಚುಕಮ್ಮಿ ಮಧ್ಯಾಹ್ನದವರೆಗೂ ನೆರಳಲ್ಲೇ ಇರುತ್ತದೆ. ಗಾಡಿಯೊಳಗೆ ಬೆಳಗ್ಗೆ ಒಂಬತ್ತಕ್ಕೂ ಬೆರಳು ಮರಗಟ್ಟುವ ಚಳಿ, ಮಂಜು ಗಟ್ಟಿ, ಎಲ್ಲವೂ ಸರಿಯಿದೆ ಅನಿಸುತ್ತದೆ. ಆದರೆ ತಲೆಯ ಮೇಲಿನ ಅಂಚಿಗೆ ಈಶಾನ್ಯದಿಂದ ಆರೂವರೆಗೇ ಬಿಸಿಲು ತಾಕಿಯಾಗಿರುತ್ತದೆ. ನೀವು ನೆರಳಲ್ಲಿ ನಡುಗುತ್ತಿರುವಾಗ ನಿಮ್ಮ ಮೇಲಿನ ಸೂರು ಎರಡೂವರೆ ತಾಸಿನಿಂದ ಬಿಸಿಯಾಗುತ್ತಿದೆ. ಚಳಿ ಇದೆಯಲ್ಲ, ಇನ್ನೂ ಹೊತ್ತಿದೆ ಎಂದು ಕೈಯ ಚಳಿ ನೋಡಿ ಗಡಿಯಾರ ಮರೆತವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಈಗ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸೋಣ. ಗೋಡೆಗೆ ಬಿಸಿಲು ಏರುವ ಮೊದಲು, ಅಂದರೆ ಮಧ್ಯಾಹ್ನ ಒಂದೂವರೆಯ ಒಳಗೆ ಬುಡದ ಬಿರುಕು ದಾಟಿ ಹೊರಗಿರಬೇಕು. 60 ಮೀಟರಿನ ಎರಡು ಹಗ್ಗದಲ್ಲಿ ಏಳರಿಂದ ಎಂಟು ಸಲ ಇಳಿತ, ಪ್ರತಿಯೊಂದಕ್ಕೆ ಇಬ್ಬರ ತಂಡಕ್ಕೆ ಅರ್ಧ ತಾಸು: ನಾಲ್ಕು ತಾಸು. ಅಲ್ಲಿಗೆ ಮೇಲಿನಿಂದ ಒಂಬತ್ತೂವರೆಗೆ ಹೊರಡಬೇಕಾಯಿತು. ಹತ್ತುವುದು ಸುಮಾರು 400 ಮೀಟರ್, ಎಂಟು ಪಿಚ್ (ಒಂದು ಸಲಕ್ಕೆ ಹಗ್ಗದ ಉದ್ದದೊಳಗೆ ಹತ್ತುವ ಭಾಗ). ಒಂದಕ್ಕೆ ಮುಕ್ಕಾಲು ತಾಸಿನಂತೆ ಆರು ತಾಸು, ಅಂದರೆ ಮೊದಲ ಪಿಚ್ ಮೂರೂವರೆಗೆ ಶುರು. ಬಿರುಕು ದಾಟಲು ಅರ್ಧ ತಾಸು, ಕ್ಯಾಂಪಿನಿಂದ ಅಲ್ಲಿಗೆ ನಡೆಯಲು ಒಂದೂ ಕಾಲು ತಾಸು. ಎದ್ದು, ಬಿಸಿ ನೀರು ಕುಡಿದು, ಬೂಟು, ಸೊಂಟಕ್ಕೆ ಹಾರ್ನೆಸ್, ಬೂಟಿನಡಿಗೆ ಕ್ರ್ಯಾಂಪಾನ್ ಎಂಬ ಲೋಹದ ಹಲ್ಲುಗಳನ್ನು ಕಟ್ಟಿಕೊಳ್ಳಲು ಒಂದೂವರೆ ತಾಸು. ಅಲಾರಂ ಇಡಬೇಕಾದ್ದು ರಾತ್ರಿ ಹನ್ನೆರಡೂ ಕಾಲಿಗೆ. ಮೂರು ಗಂಟೆಗೆ ಎದ್ದು ಹೊರಡುವ ತಂಡಗಳು ಪ್ರತಿ ಸೀಸನ್ನಿನಲ್ಲೂ ಇರುತ್ತವೆ, ಹತ್ತಿ ಇಳಿಯುತ್ತವೆ ಕೂಡ. ಅವರ ಲೆಕ್ಕದಲ್ಲಿ ಹಗ್ಗ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ಮುಂದೆ ಯಾರೂ ಇರುವುದಿಲ್ಲ. ಅಂಥ ದಿನವೂ ಬರುತ್ತದೆ, ಆದರೆ ಅದನ್ನು ನೆಚ್ಚಿ ಯೋಜನೆ ಬರೆಯಬಾರದು. ಬೆಳಗ್ಗೆ ಹತ್ತಕ್ಕೆ ಎಲ್ಲಿದ್ದರೆ ಅಲ್ಲಿಂದ ವಾಪಸ್ ಎಂದು ಕ್ಯಾಂಪಿನಲ್ಲಿ ಕೂತಾಗಲೇ ಇಬ್ಬರೂ ಒಪ್ಪಿಕೊಂಡಿರಬೇಕು. ಕೊನೆಯ ಪಿಚ್ಚಿನಲ್ಲಿ ಮಾಡುವ ಚರ್ಚೆ ಚರ್ಚೆಯಲ್ಲ.

ಗಾಡಿಯಲ್ಲಿ ಮುಂದಿನ ತಂಡವಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಅವರ ಐಸ್ ಆ್ಯಕ್ಸ್ ಏಟಿಗೆ ಒಡೆದ ಮಂಜಿನ ತಟ್ಟೆಗಳೆಲ್ಲ ನಿಮ್ಮ ಹೆಲ್ಮೆಟ್ಟಿಗೇ ಬರುತ್ತವೆ, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಅವರು ಇಳಿಯಲು ಶುರು ಮಾಡುವಾಗ ನೀವಿನ್ನೂ ಹತ್ತುತ್ತಿದ್ದರೆ ಎರಡು ತಂಡದ ಹಗ್ಗ ಒಂದೇ ಚರಂಡಿಯಲ್ಲಿ ಹೆಣೆದುಕೊಳ್ಳುತ್ತವೆ. ಅದಕ್ಕೇ ಮೇಲಿನ ಕ್ಯಾಂಪ್ ತಲುಪಿದ ಸಂಜೆಯೇ ಅಕ್ಕಪಕ್ಕದ ಡೇರೆಗಳವರನ್ನು ಮಾತಾಡಿಸಿ, ಯಾರು ಎಷ್ಟಕ್ಕೆ ಹೊರಡುತ್ತೀರಿ ಎಂದು ಕೇಳಿಕೊಳ್ಳಬೇಕು. ಎರಡನೆಯವರಾಗಿ ಹೋಗುವುದಕ್ಕಿಂತ ಒಂದು ದಿನ ಕಾದು ಮೊದಲನೆಯವರಾಗುವುದು ಎಷ್ಟೋ ಲೇಸು. ಆ ಕಾಯುವ ದಿನಕ್ಕೆ ಬೇಕಾದ ಊಟ, ಗ್ಯಾಸ್ ಇದೆಯೇ ಎನ್ನುವ ಪ್ರಶ್ನೆ ಮುಂದೆ ಬರುತ್ತದೆ. ಬಿಲೇ, ಅಂದರೆ ಜೊತೆಗಾರರ ಹಗ್ಗ ಹಿಡಿದು ಕಾಯುತ್ತಾ ನಿಲ್ಲುವ ಜಾಗವನ್ನೂ ಗಾಡಿಯ ನಟ್ಟನಡುವೆ ಮಾಡದೆ, ಪಕ್ಕದ ಏಣಿನ ಬುಡಕ್ಕೆ ಒತ್ತಿಕೊಂಡು ಮಾಡಿದರೆ ಬೀಳುವುದರಲ್ಲಿ ಮುಕ್ಕಾಲು ಪಾಲು ಪಕ್ಕದಲ್ಲೇ ಹಾದುಹೋಗುತ್ತದೆ.

ಇನ್ನು ಇಳಿಯುವ ವಿಚಾರ. ತುದಿಯ ಹತ್ತಿರದ ಹಿಮ ಸ್ಕ್ರೂ (ಮಂಜುಗಡ್ಡೆಗೆ ತಿರುಗಿಸಿ ಕೂರಿಸುವ ಟೊಳ್ಳು ಕೊಳವೆ) ಹಿಡಿಯುವಷ್ಟು ಗಟ್ಟಿ ಇರುವುದಿಲ್ಲ, ಸಕ್ಕರೆಯಂತೆ ಉದುರುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಸ್ನೋ ಸ್ಟೇಕ್, 60 ಸೆಂಟಿಮೀಟರಿನ ಅಲ್ಯೂಮಿನಿಯಂ ಗೂಟ. ಹಿಂದಿನ ತಂಡಗಳು ಬಿಟ್ಟುಹೋದ ಗೂಟಗಳು ಸಿಗುತ್ತವೆ, ಸುತ್ತ ಬಣ್ಣಗೆಟ್ಟ ಹಗ್ಗದ ಗಂಟು. ಅದನ್ನು ಕಂಡ ಕೂಡಲೇ ಕ್ಯಾರಬೀನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ) ಹಾಕಬಾರದು. ಲೋಹ ಬಿಸಿಲಿಗೆ ಕಾದು ಸುತ್ತಲಿನ ಹಿಮವನ್ನು ಕರಗಿಸುತ್ತದೆ, ಹತ್ತು ದಿನ ಹಿಂದೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಗೂಟ ಇವತ್ತು ಕೈಯಲ್ಲೇ ಬಂದರೂ ಬರಬಹುದು. ಮೊದಲು ಅಲುಗಾಡಿಸಿ ನೋಡಿ, ಅನುಮಾನವಿದ್ದರೆ ನಿಮ್ಮದೊಂದನ್ನು ಹೊಸದಾಗಿ ಹೂಳಿ: ಎಳೆತದ ದಿಕ್ಕಿಗೆ ಅಡ್ಡವಾಗಿ ಮೊಣಕೈ ಆಳದ ಸಣ್ಣ ಕಾಲುವೆ ತೋಡಿ, ಗೂಟವನ್ನು ಮಲಗಿಸಿ, ನಡುವಿಗೆ ಕಟ್ಟಿದ ಪಟ್ಟಿ ಕೆಳಮುಖವಾಗಿ ಹೊರಬರಲು ಇನ್ನೊಂದು ಸೀಳು ಕೊರೆದು, ಮೇಲೆ ಹಿಮ ತುಳಿದು ಗಟ್ಟಿ ಮಾಡಬೇಕು. ಪಟ್ಟಿಯ ಸೀಳು ಆಳವಿಲ್ಲದಿದ್ದರೆ ಭಾರ ಬಿದ್ದಾಗ ಪಟ್ಟಿ ಗೂಟವನ್ನು ಮೇಲಕ್ಕೆತ್ತುತ್ತದೆ. ತುಂಬ ಜನ ಎಡವುವುದು ಈ ಸೀಳಿನಲ್ಲಿ. ಹಾಗಾಗಿ ಇಬ್ಬರಿಗೆ ನಾಲ್ಕು ಗೂಟ, ಅದರಲ್ಲಿ ಎರಡು ವಾಪಸ್ ಬರುವುದಿಲ್ಲ ಎಂದೇ ಹಣ ಹೊಂದಿಸಿಕೊಳ್ಳಬೇಕು. ದುಬಾರಿ ಗೂಟವೆಂದು ಮೇಲಿಂದ ಬಿಡಿಸಿಕೊಳ್ಳುವ ಆಸೆ ಹುಟ್ಟಿದರೆ, ಅದರ ಬೆಲೆಯನ್ನು ವಿಮಾನದ ಟಿಕೆಟ್ಟಿನ ಜೊತೆ ಹೋಲಿಸಿ ನೋಡಿ ಸಾಕು.

ಅದರ ಕೆಳಗೆ ಗಟ್ಟಿ ಮಂಜು ಸಿಕ್ಕ ಕೂಡಲೇ ಅಬಲಕೋವ್. ಸೋವಿಯತ್ ಆರೋಹಿ ವಿತಾಲಿ ಅಬಲಕೋವ್ ಹೆಸರಿನ ಉಪಾಯ ಇದು: ಮಂಜುಗಡ್ಡೆಯಲ್ಲಿ ಎರಡು ತೂತು ಒಳಗೆ ಒಂದಕ್ಕೊಂದು ಸೇರುವಂತೆ ಕೊರೆದು, ಹಗ್ಗ ಪೋಣಿಸಿ ಕಟ್ಟುವುದು. ಬೇಕಾದ್ದು 21 ಅಥವಾ 22 ಸೆಂಟಿಮೀಟರಿನ ಒಂದು ಉದ್ದ ಸ್ಕ್ರೂ, ಕೊಕ್ಕೆ ತಂತಿ, 7 ಮಿಲಿಮೀಟರಿನ ದಾರ. ಮೇಲ್ಪದರದ ಪೊಳ್ಳು ಮಂಜನ್ನು ಆ್ಯಕ್ಸಿನಿಂದ ಕೆರೆದು ತೆಗೆದು, ಒಳಗಿನ ನೀಲಿ ಛಾಯೆಯ ಗಟ್ಟಿ ಪದರ ಕಾಣಿಸಿದ ಮೇಲೆ ಕೊರೆಯಬೇಕು. ಮೊದಲ ತೂತು ಮೇಲ್ಮೈಗೆ ಸುಮಾರು 60 ಡಿಗ್ರಿ ಓರೆ. ಸ್ಕ್ರೂವನ್ನು ಅರ್ಧ ಹೊರತೆಗೆದು ಹಾಗೇ ಬಿಟ್ಟರೆ ಎರಡನೆಯ ತೂತಿಗೆ ಗುರಿ ಹಿಡಿಯಲು ಅದೇ ದಿಕ್ಸೂಚಿ. ಎರಡೂ ಬಾಯಿಗಳ ನಡುವಿನ ಅಂತರ ಸ್ಕ್ರೂವಿನ ಉದ್ದಕ್ಕಿಂತ ತುಸು ಕಮ್ಮಿ. ದಾರ ಒಂದಕ್ಕೆ ಒಂದೂವರೆ ಮೀಟರ್ ಹಿಡಿದರೆ ಎಂಟಕ್ಕೆ 12 ಮೀಟರ್. ಹಳೆಯವು ಕೆಲವು ಸಿಗುತ್ತವೆ, ಆದರೆ ಅವು ಸಿಗುತ್ತವೆಂದು ದಾರ ಕಮ್ಮಿ ಒಯ್ಯುವಂತಿಲ್ಲ. ಮೊದಲು ಇಳಿಯುವವರು ಭಾರದವರು, ಅವರು ಇಳಿಯುವಾಗ ಅಬಲಕೋವಿನ ಮೇಲೆ ಇನ್ನೊಂದು ಸ್ಕ್ರೂ ಸಡಿಲವಾಗಿ ಕಾವಲಿಗಿರುತ್ತದೆ. ಅವರು ಸುರಕ್ಷಿತವಾಗಿ ಇಳಿದರೆ ತೂತು ಭಾರ ತಡೆದಿದೆ ಎಂದಾಯಿತು, ಹಗುರದವರು ಕಾವಲು ಸ್ಕ್ರೂ ಬಿಚ್ಚಿಕೊಂಡು ಹಿಂದಿನಿಂದ ಇಳಿಯುತ್ತಾರೆ.

ಹಗ್ಗ ಎಳೆಯುವಾಗ ತೊಂದರೆ ಬರುವುದು ಎರಡು ಕಡೆ. ಎರಡು ಹಗ್ಗ ಜೋಡಿಸಿದ ಗಂಟು ಏಣಿನ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಒದ್ದೆ ಹಗ್ಗ ಹೆಪ್ಪುಗಟ್ಟಿ ಕಬ್ಬಿಣದ ತಂತಿಯಂತಾಗಿ ಇಳಿಯುವ ಸಾಧನದಲ್ಲೇ ಜಾರುವುದಿಲ್ಲ. ಅದಕ್ಕೇ ನೀರು ಹೀರದ ಹಗ್ಗವನ್ನೇ ಕೊಳ್ಳಬೇಕು, 8 ಮಿಲಿಮೀಟರ್ ದಪ್ಪದ ಎರಡು. ಗಂಟು ಸರಳವಾದ ಚಪ್ಪಟೆ ಗಂಟು (ಫ್ಲಾಟ್ ಓವರ್‌ಹ್ಯಾಂಡ್), ಬಾಲ ಒಂದು ಮೊಳ. ಕೊನೆಯವರು ಹೊರಡುವ ಮೊದಲೇ ಕೆಳಗಿನವರು ಹಗ್ಗವನ್ನು ಒಂದು ಗೇಣು ಎಳೆದು ಜಾರುತ್ತದೆಯೇ ನೋಡಬೇಕು. ಯಾವ ಬಣ್ಣದ ಹಗ್ಗ ಎಳೆಯಬೇಕೆಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳುವುದು ಬಾಲಿಶವಾಗಿ ಕೇಳಿಸಬಹುದು. ಆ ಎತ್ತರದಲ್ಲಿ, ಹತ್ತು ತಾಸಿನ ಶ್ರಮದ ಮೇಲೆ, ಎದುರಿಗಿರುವ ನೀಲಿಯೂ ನೆನಪಿನಿಂದ ಹೋಗಿರುತ್ತದೆ.

ಸ್ಕ್ರೂಗಳ ಲೆಕ್ಕವೂ ಇದರಿಂದಲೇ ಹುಟ್ಟುತ್ತದೆ. ಕೆಳಗಿನ ಬಿಲೇಗೆ ಎರಡು, ಮೇಲಿನದಕ್ಕೆ ಎರಡು, ನಡುವೆ ಮೂರೋ ನಾಲ್ಕೋ: ಒಟ್ಟು ಎಂಟು, ಅದರಲ್ಲಿ ಎರಡು ಉದ್ದದವು, ಉಳಿದವು 13ರಿಂದ 16 ಸೆಂಟಿಮೀಟರ್. ಗಾಡಿಯ ಓರೆ ಕೆಳಗೆ 60 ಡಿಗ್ರಿ ಆಸುಪಾಸು, ಮೇಲೆ ಕೊನೆಯ ಪಿಚ್ಚುಗಳಲ್ಲಿ ಇನ್ನೂ ಕಡಿದು. ಒಂದೊಂದು ಕಡೆ ಗೋಡೆ ನೆಟ್ಟಗೆ ನಿಂತಂತೆಯೇ ಇರುತ್ತದೆ. ಒಬ್ಬೊಬ್ಬರಿಗೆ ಎರಡು ಐಸ್ ಆ್ಯಕ್ಸ್ ಕಡ್ಡಾಯ, ಕ್ರ್ಯಾಂಪಾನ್ ಉಕ್ಕಿನದೇ ಆಗಬೇಕು. ಹಗುರವೆಂದು ಅಲ್ಯೂಮಿನಿಯಂ ಕ್ರ್ಯಾಂಪಾನ್ ತಂದವರ ಹಲ್ಲುಗಳು ಗಟ್ಟಿ ಮಂಜಿನಲ್ಲಿ ಮೊಂಡಾಗುತ್ತವೆ. ಕೈಗವಸು ಮೂರು ಜೊತೆ: ಹತ್ತಲು ತೆಳುವಾದದ್ದು, ಬಿಲೇ ನಿಂತಾಗ ದಪ್ಪನೆಯದು, ಒಂದು ಜೊತೆ ಜಾರಿ ಬಿದ್ದುಹೋಗಲು.

ಬುಡದ ಬಿರುಕಿಗೆ ಬರ್ಗ್‌ಶ್ರುಂಡ್ ಎನ್ನುತ್ತಾರೆ. ಹರಿಯುವ ಹಿಮನದಿ ಗೋಡೆಗಂಟಿದ ಮಂಜಿನಿಂದ ಬೇರ್ಪಡುವ ಜಾಗ. ಸೀಸನ್ನಿನ ಶುರುವಿನಲ್ಲಿ ಹಿಮದ ಸೇತುವೆಗಳಿರುತ್ತವೆ, ಆಗಸ್ಟಿನ ಹೊತ್ತಿಗೆ ಅವು ಬಿದ್ದು, ಕೆಲವು ವರ್ಷ ಮೇಲಿನ ತುಟಿ ತಲೆಗಿಂತ ಎತ್ತರಕ್ಕೆ ನಿಲ್ಲುತ್ತದೆ. ಹಿಮನದಿಗಳು ಕರಗುತ್ತಾ ಹಿಂದೆ ಸರಿಯುತ್ತಿರುವ ಈ ವರ್ಷಗಳಲ್ಲಿ ದಿನದ ಅತಿ ಕಷ್ಟದ ಹತ್ತು ಮೀಟರ್ ಇದೇ ಆಗಿಬಿಡುವುದುಂಟು. ಹಿಂದಿನ ದಿನ ಮಧ್ಯಾಹ್ನ ಕ್ಯಾಂಪಿನಿಂದ ಬರಿಗೈಯಲ್ಲಿ ಹೋಗಿ, ಎಲ್ಲಿ ದಾಟಬಹುದೆಂದು ನೋಡಿಕೊಂಡು, ಕಾಲುದಾರಿ ತುಳಿದಿಟ್ಟು ಬಂದರೆ ನಡುರಾತ್ರಿ ತಲೆದೀಪದ ಬೆಳಕಲ್ಲಿ ಹುಡುಕಾಡುವ ಒಂದು ತಾಸು ಉಳಿಯುತ್ತದೆ.

ಮೇಲಿನ ಕ್ಯಾಂಪ್ ಸುಮಾರು 5400 ಮೀಟರ್. ಆಲ್ಪಮಾಯೊ ಮತ್ತು ಪಕ್ಕದ ಶಿಖರ ಕಿತರಾಹು ನಡುವಿನ ತಗ್ಗನ್ನು (ಅದಕ್ಕೆ ಕೋಲ್ ಎನ್ನುತ್ತಾರೆ) ದಾಟಿ, ಆಚೆ ಬದಿಗೆ ತುಸು ಇಳಿದು, ಹಿಮನದಿಯ ತಟ್ಟೆಯಂಥ ಜಾಗ. (ನಕ್ಷೆಯಲ್ಲಿ ಕಿತರಾಜು ಎಂದು ಓದಿ ಯಾರೋ ರಾಜಣ್ಣನ ಬೆಟ್ಟವೆಂದುಕೊಳ್ಳಬೇಡಿ. ಸ್ಪ್ಯಾನಿಷ್ ಲಿಪಿಯಲ್ಲಿ ಜೆ ಅಕ್ಷರಕ್ಕೆ ಹಕಾರದ ಉಚ್ಚಾರ, ಆ ಸೀಮೆಯ ಕೆಚುವಾ ಭಾಷೆಯಲ್ಲಿ ರಾಹು ಎಂದರೆ ಹಿಮಶಿಖರ. ನಮ್ಮ ಕಡೆಯವರಿಗೆ ರಾಹು ನೋಡಿಯೇ ಹೊರಡುವ ಅಭ್ಯಾಸ ಹೇಗೂ ಇದೆ.) ಕೋಲಿನ ಆಚೆ ಇಳಿದು ಡೇರೆ ಹಾಕುವುದರಲ್ಲಿ ಒಂದು ಗುಟ್ಟಿನ ಅಪಾಯವಿದೆ. ಎತ್ತರದ ಕಾಯಿಲೆಗೆ ಮದ್ದು ಕೆಳಗಿಳಿಯುವುದು, ಆದರೆ ಇಲ್ಲಿಂದ ಕೆಳಗಿಳಿಯಬೇಕಾದರೆ ಮೊದಲು ಕೋಲ್‌ವರೆಗೆ ಮೇಲೆ ಹತ್ತಬೇಕು, ಆಮೇಲೆ ಈಚೆಯ ಕಡಿದಾದ ಇಳಿಜಾರಿನಲ್ಲಿ ಹಗ್ಗ ಹಾಕಿ ಇಳಿಯಬೇಕು. ಕೂತಲ್ಲೇ ಏದುಸಿರು, ಒಣಕೆಮ್ಮು, ಮಲಗಿದರೆ ಎದೆಯಲ್ಲಿ ಗೊರಗೊರ ಸದ್ದು ಕಂಡರೆ ಅದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಲಕ್ಷಣ. ನೆಟ್ಟಗೆ ಹೆಜ್ಜೆ ಇಡಲಾಗದೆ ತೂರಾಡಿದರೆ ಮೆದುಳಿನ ಊತ. ಬೆಳಗಾಗಲಿ ನೋಡೋಣ ಎಂದು ಕೂತರೆ, ಬೆಳಗ್ಗೆ ಆ ಮನುಷ್ಯ ಕೋಲ್ ಹತ್ತುವ ಸ್ಥಿತಿಯಲ್ಲಿ ಇರುವುದಿಲ್ಲ. ತೀರ್ಮಾನ ಸಂಜೆಯೇ ಆಗಬೇಕು. ಡೆಕ್ಸಾಮೆಥಾಸೋನ್, ನಿಫೆಡಿಪಿನ್ ಮದ್ದಿನ ಪೆಟ್ಟಿಗೆಯಲ್ಲಿರಲಿ, ಯಾವುದನ್ನು ಯಾವಾಗ ಎಷ್ಟು ಎಂದು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಂಡು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿರಲಿ.

ಅಲ್ಲಿ ನೀರೆಂದರೆ ಗ್ಯಾಸ್. ಒಂದು ಲೀಟರ್ ನೀರಿನಷ್ಟು ಹಿಮವನ್ನು ಕರಗಿಸಿ ಉಗುರುಬೆಚ್ಚಗೆ ಮಾಡಲು ಸುಮಾರು 18 ಗ್ರಾಂ, ಕುದಿ ಬರಿಸಲು ಸುಮಾರು 30 ಗ್ರಾಂ ಗ್ಯಾಸ್ ಬೇಕು. ಒಲೆಯ ಬಿಸಿಯಲ್ಲಿ ಅರ್ಧ ಗಾಳಿಗೆ ಹೋಗುತ್ತದೆ ಎಂದು ಹಿಡಿದ ಲೆಕ್ಕ ಇದು. ಇಬ್ಬರಿಗೆ ದಿನಕ್ಕೆ ಏಳು ಲೀಟರ್, ಅರ್ಧ ಬಿಸಿ ಅರ್ಧ ಬೆಚ್ಚಗೆ ಎಂದರೆ 170 ಗ್ರಾಂ. ಗಾಳಿ, ಚಳಿ, ಚೆಲ್ಲಿದ್ದು ಸೇರಿಸಿ ದಿನಕ್ಕೆ 230 ಗ್ರಾಮಿನ ಒಂದು ಡಬ್ಬ ಎಂದಿಟ್ಟುಕೊಂಡರೆ ಮೋಸವಿಲ್ಲ. ಎರಡು ರಾತ್ರಿಯ ಕಾರ್ಯಕ್ರಮ, ಮೂರನೆಯದು ಕಾಯುವ ದಿನಕ್ಕೆ: ನಾಲ್ಕು ಡಬ್ಬ. ಪಾತ್ರೆಯ ತಳದಲ್ಲಿ ಮೊದಲು ಒಂದು ಲೋಟ ನೀರಿರಲಿ, ಬರೀ ಹಿಮ ಹಾಕಿದರೆ ತಳ ಸೀದು ನೀರೆಲ್ಲ ಸೀದ ವಾಸನೆ ಹೊಡೆಯುತ್ತದೆ. ರಾತ್ರಿಯೇ ತುಂಬಿಸಿದ ಬಾಟಲಿ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಲಿ. ಹಿಮ ತೋಡುವ ಜಾಗ ಒಂದು ಕಡೆ, ಬಹಿರ್ದೆಸೆ ಇನ್ನೊಂದು ಕಡೆ, ಅದನ್ನೂ ಚೀಲದಲ್ಲಿ ಕಟ್ಟಿ ಕೆಳಗೆ ತರಬೇಕು. ಸೀಸನ್ನಿನ ಕೊನೆಗೆ ಹೋದವರಿಗೆ ಆ ಕ್ಯಾಂಪಿನ ಸುತ್ತ ಬಿಳಿ ಹಿಮ ಹುಡುಕಲು ಎಷ್ಟು ದೂರ ನಡೆಯಬೇಕೆಂದು ಚೆನ್ನಾಗಿ ಗೊತ್ತು.

ನೀರು ಅಲ್ಲಿ 82 ಡಿಗ್ರಿಗೇ ಕುದಿಯುತ್ತದೆ. ಅಕ್ಕಿ ಬೇಯುವುದಿಲ್ಲ, ಬೇಳೆಯ ಮಾತೇ ಬೇಡ. ಬಿಸಿ ನೀರು ಸುರಿದು ಮುಚ್ಚಿಟ್ಟರೆ ಆಗುವಂಥದ್ದೇ ಬೇಕು, ಆ ವಿಷಯದಲ್ಲಿ ಕನ್ನಡಿಗರ ಅಡುಗೆಮನೆ ಯಾರಿಗೂ ಕಮ್ಮಿ ಇಲ್ಲ. ತೆಳು ಅವಲಕ್ಕಿ, ಗೊಜ್ಜಿನ ಪುಡಿ, ಹುರಿಹಿಟ್ಟು, ಬೆಲ್ಲ, ತುಪ್ಪದಲ್ಲಿ ಹುರಿದ ರವೆ. ವಾರಾಸಿನ ಅಂಗಡಿಯಲ್ಲಿ ಸಿಗುವ ಆಲೂಗಡ್ಡೆ ಪುಡಿ, ನೂಡಲ್ಸ್, ಓಟ್ಸ್ ಅದಕ್ಕೆ ಜೊತೆ. ಒಬ್ಬರಿಗೆ ದಿನಕ್ಕೆ 650 ಗ್ರಾಂ ಒಣ ಪದಾರ್ಥ ಸಾಕು. ಆ ಎತ್ತರದಲ್ಲಿ ಹಸಿವು ಸಾಯುತ್ತದೆ, ಹಾಗಾಗಿ ಪೌಷ್ಟಿಕಾಂಶದ ಕೋಷ್ಟಕಕ್ಕಿಂತ ನಾಲಿಗೆಗೆ ರುಚಿಸುವುದು ಮುಖ್ಯ. ಉಪ್ಪಿನಕಾಯಿ ಒಂದು ಸಣ್ಣ ಪೊಟ್ಟಣ ಇಡೀ ತಂಡವನ್ನು ಊಟಕ್ಕೆ ಕೂರಿಸುತ್ತದೆ.

ಈ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಕೋಲ್ ಹತ್ತಬೇಕಲ್ಲ, ಅಲ್ಲಿಗೆ ಬರೋಣ. ಹಗ್ಗ ಎರಡು ಐದು ಕಿಲೊ, ಸ್ಕ್ರೂ ಗೂಟ ಎರಡೂವರೆ, ಡೇರೆ ಎರಡು ಚಿಲ್ಲರೆ, ಗ್ಯಾಸ್ ಒಲೆ ಸೇರಿ ಎರಡು, ಊಟ ನಾಲ್ಕೂವರೆ. ಇವು ಇಬ್ಬರ ಪಾಲು, ಅದರ ಮೇಲೆ ಸ್ವಂತದ ಮಲಗುವ ಚೀಲ, ಚಾಪೆ, ದಪ್ಪ ಜಾಕೆಟ್, ಆ್ಯಕ್ಸ್, ನೀರು. ಒಬ್ಬೊಬ್ಬರ ಬೆನ್ನಿಗೆ 18ರಿಂದ 20 ಕಿಲೊ. ಸುಮಾರು 4900 ಮೀಟರಿನ ಮೊರೇನ್ (ಹಿಮನದಿ ತಂದು ಗುಡ್ಡೆ ಹಾಕಿದ ಕಲ್ಲುಮಣ್ಣು) ಕ್ಯಾಂಪಿನಿಂದ ಕೋಲ್‌ಗೆ ನಾಲ್ಕರಿಂದ ಆರು ತಾಸು, ಮೊದಲು ಬಿರುಕುಬಿಟ್ಟ ಹಿಮನದಿ, ಕೊನೆಯಲ್ಲಿ 50 ಡಿಗ್ರಿಯ ಇಳಿಜಾರು. ಗೋಡೆಯನ್ನು ಖಾಲಿ ಬೆನ್ನಿನಲ್ಲಿ ಹತ್ತುವುದಕ್ಕಿಂತ ಈ ದಿನವೇ ಹೆಚ್ಚು ಸುಸ್ತು ಮಾಡಿಸುತ್ತದೆ. ನಸುಕಿನಲ್ಲೇ ಹೊರಟು, ಬಿಸಿಲು ಏರುವ ಮೊದಲೇ ನೇತಾಡುವ ಮಂಜಿನ ಗೋಪುರಗಳ ಕೆಳಗಿನ ಭಾಗ ದಾಟಿರಬೇಕು. ವಾರಾಸಿನಲ್ಲಿ ಎತ್ತರದ ಪೋರ್ಟರುಗಳು ಸಿಗುತ್ತಾರೆ. ಅವರನ್ನು ನೇಮಿಸಿಕೊಂಡರೆ ಸಾಹಸ ಕೆಟ್ಟಿತೆಂದೇನಿಲ್ಲ, ಮರುದಿನಕ್ಕೆ ಕಾಲಿನಲ್ಲಿ ಶಕ್ತಿ ಉಳಿಯುತ್ತದೆ.

ಬೇಸ್ ಕ್ಯಾಂಪ್ 4300 ಮೀಟರಿನ ಆಸುಪಾಸು, ಹುಲ್ಲು, ಹೊಳೆ, ಕೆನ್ಯುವಲ್ ಮರಗಳ ತೋಪು. ಅಲ್ಲಿಗೆ ಕಶಪಂಪ ಎಂಬ ಹಳ್ಳಿಯಿಂದ, 2900 ಮೀಟರಿನಿಂದ, ಎರಡು ದಿನದ ದಾರಿ. ಸಾಂತಾ ಕ್ರೂಸ್ ಕಣಿವೆಗುಂಟ ಯಾಮಕೊರ್ರಾಲ್‌ನಲ್ಲಿ ಒಂದು ರಾತ್ರಿ. ಸಾಮಾನು ಹೊರುವವು ಕತ್ತೆಗಳು, ನಡೆಸುವವರನ್ನು ಅರಿಯೆರೊ ಎನ್ನುತ್ತಾರೆ. ಒಂದು ಕತ್ತೆಗೆ 40 ಕಿಲೊ ಎಂದು ಲೆಕ್ಕ, ಇಬ್ಬರ ತಂಡಕ್ಕೆ ಮೂರು ಕತ್ತೆ ಸಾಕು. ಅರಿಯೆರೊನ ಕೂಲಿ, ಕತ್ತೆಯ ಬಾಡಿಗೆ, ಅವರು ಖಾಲಿ ಮರಳುವ ದಿನದ ಕೂಲಿ, ಅವರ ಊಟ, ಮಲಗಲು ಡೇರೆ: ಇಷ್ಟೂ ನಿಮ್ಮ ಖರ್ಚು. ಮಾತು ಮುಗಿದ ಮೇಲೆ ವಾಪಸ್ ಬರುವ ತಾರೀಖನ್ನು ಚೀಟಿಯಲ್ಲಿ ಬರೆದು ಕೊಡಿ, ಒಂದೆರಡು ದಿನ ಹಿಂದೆಮುಂದೆ ಆದರೆ ಏನು ಮಾಡಬೇಕೆಂಬುದನ್ನೂ ಸೇರಿಸಿ. ಮೇಲೆ ಮೊಬೈಲ್ ಸಿಗದು. ದಾರಿಯಲ್ಲಿ ಹಾತುನ್‌ಕೋಚ ಕೆರೆಯ ಮೇಲಿನ ಕಣಿವೆ ಒಂದು ಕಡೆ ಮರಳುಗಾಡಿನಂತೆ ಬೋಳಾಗಿದೆ. 2012ರ ಫೆಬ್ರುವರಿಯಲ್ಲಿ ಮೇಲಿನ ಹಿಮನದಿಯ ಕೆರೆಯೊಂದು ಒಡೆದು ನುಗ್ಗಿದ ಗುರುತು ಅದು.

ವಾರಾಸ್ 3050 ಮೀಟರ್. ವಾಸ್ಕರಾನ್ ರಾಷ್ಟ್ರೀಯ ಉದ್ಯಾನದ ಕಚೇರಿ ಇಲ್ಲಿದೆ, ಟಿಕೆಟ್ ಮತ್ತು ನೋಂದಣಿ ಮುಗಿಸಿಕೊಂಡೇ ಮುಂದೆ ಹೋಗಬೇಕು. ಮಾರ್ಗದರ್ಶಕರ ಸಂಘದ ಕಾಸಾ ದೆ ಗಿಯಾಸ್ ಊರ ನಡುವೆಯೇ ಇದೆ, ಹಿಂದಿನ ವಾರ ಇಳಿದು ಬಂದವರು ಸಿಗುವ ಜಾಗ. ಕಾರ್ನಿಸ್ ಹೇಗಿದೆ, ಬಿರುಕು ಎಡಕ್ಕೆ ದಾಟಬೇಕೋ ಬಲಕ್ಕೋ ಎಂಬ ಸುದ್ದಿ ಇಲ್ಲಿ ಒಂದು ಕಾಫಿಗೆ ಸಿಗುತ್ತದೆ. ಗ್ಯಾಸ್ ಡಬ್ಬ ವಿಮಾನದಲ್ಲಿ ಒಯ್ಯುವಂತಿಲ್ಲ, ಇಲ್ಲೇ ಕೊಳ್ಳಬೇಕು. ಕೊಂಡ ಮೇಲೆ ಹೋಟೆಲಿನ ಅಂಗಳದಲ್ಲಿ ನಿಮ್ಮ ಒಲೆಗೆ ಹಾಕಿ ಹಚ್ಚಿ ನೋಡಿ. ತಿರುಪು ಸರಿಯಾಗಿ ಕೂರದ ಡಬ್ಬವನ್ನು 5400 ಮೀಟರಿನಲ್ಲಿ ಬದಲಾಯಿಸಿ ಕೊಡುವವರಿಲ್ಲ.

ದೇಹ ಹೊಂದಿಕೊಳ್ಳುವ ಹತ್ತು ಹನ್ನೆರಡು ದಿನಗಳನ್ನು ಕತ್ತರಿಸುವ ಆಸೆ ರಜೆ ಕಮ್ಮಿ ಇರುವವರಿಗೆಲ್ಲ ಬರುತ್ತದೆ. ಬೆಂಗಳೂರಿನ ಒಂಬೈನೂರು ಮೀಟರ್ ಇಲ್ಲಿ ಯಾವ ಸಹಾಯಕ್ಕೂ ಬರುವುದಿಲ್ಲ. ಮೊದಲ ಮೂರು ದಿನ ವಾರಾಸಿನಲ್ಲಿ ಮಲಗಿ, ಹಗಲು ಚುರುಪ್ ಕೆರೆಯಂಥ 4400 ಮೀಟರಿನ ಜಾಗಕ್ಕೆ ಹೋಗಿ ಬರುವುದು. ಆಮೇಲೆ ನಾಲ್ಕೈದು ದಿನ ಇಶಿಂಕ ಕಣಿವೆ, ಅಲ್ಲಿ ಬೇಸ್ ಕ್ಯಾಂಪಿನಿಂದ ಊರುಸ್, ನಂತರ 5530 ಮೀಟರಿನ ಇಶಿಂಕ. ಮತ್ತೆ ವಾರಾಸಿಗೆ ಇಳಿದು ಎರಡು ದಿನ ತಿಂದು ಮಲಗುವುದು. ಅನಂತರ ಆಲ್ಪಮಾಯೊಗೆ ಎಂಟು ದಿನ, ಹವಾಮಾನಕ್ಕೆ ಮೂರು ದಿನ. ಊರಿನಿಂದ ಊರಿಗೆ 24 ದಿನ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದೆಂಬ ನಿಯಮ ಎಲ್ಲರಿಗೂ ಬಾಯಿಪಾಠ. ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಮೇಲಿನ ಪಟ್ಟಿಗೆ ದಿನ ಸೇರಿಸಬೇಕಾದೀತೇ ಹೊರತು ಕತ್ತರಿಸಲು ಏನೂ ಇಲ್ಲ. ಎತ್ತರದ ಕಾಯಿಲೆ ತಡೆಯಲು ನುಂಗುವ ಅಸಿಟಾಜೊಲಮೈಡ್ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ ಎನ್ನುವುದು ಸಾಮಾನ್ಯ ಪ್ರಮಾಣ, ಸಲ್ಫಾ ಅಲರ್ಜಿ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಾತ್ರೆ ನುಂಗಿದರೆ ದಿನ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಜೊತೆ ಹಗ್ಗ ಕಟ್ಟಿಕೊಳ್ಳಬೇಡಿ.

ಹವಾಮಾನ ನೋಡುವಾಗ ಮಳೆಯ ಚಿತ್ರ ಬಿಟ್ಟು ಎರಡೇ ಅಂಕಿ ನೋಡಿದರೆ ಸಾಕು: 5900 ಮೀಟರಿನಲ್ಲಿ ಗಾಳಿಯ ವೇಗ, ಹಿಂದಿನ ಎರಡು ದಿನದಲ್ಲಿ ಬಿದ್ದ ಹಿಮ. ಒಂದು ಗೇಣು ಹೊಸ ಹಿಮ ಬಿದ್ದಿದ್ದರೆ ಗಾಡಿ ಅದನ್ನೆಲ್ಲ ಸುರಿದು ಮುಗಿಸುವವರೆಗೆ ಎರಡು ದಿನ ಕಾಯಬೇಕು. ವಿಮೆಯಲ್ಲಿ ಹಗ್ಗ ಬಳಸಿ ಹತ್ತುವುದಕ್ಕೂ ಆರು ಸಾವಿರ ಮೀಟರಿನವರೆಗೂ ರಕ್ಷಣೆ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಸಾಮಾನ್ಯ ಪ್ರವಾಸಿ ವಿಮೆ ಇವೆರಡನ್ನೂ ಹೊರಗಿಡುತ್ತದೆ. ಹೆಲಿಕಾಪ್ಟರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿ ರಕ್ಷಣೆಗೆ ಬರುವುದು ಪೊಲೀಸರ ಪರ್ವತ ದಳ ಮತ್ತು ಗೈಡುಗಳು, ಅವರೂ ನಡೆದೇ ಬರಬೇಕು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಸಾಧನವೊಂದು ಜೇಬಿನಲ್ಲಿರಲಿ, ಅದು ಸಹಾಯವನ್ನು ಹತ್ತಿರ ತರುವುದಿಲ್ಲ, ಹೊರಡುವ ಹೊತ್ತನ್ನು ಮುಂದೆ ತರುತ್ತದೆ ಅಷ್ಟೇ.

ಕೊನೆಗೆ ಊರು. ಉತ್ತರಕಾಶಿಯಲ್ಲೋ ಡಾರ್ಜಿಲಿಂಗಿನಲ್ಲೋ ಪರ್ವತಾರೋಹಣದ ಬೇಸಿಕ್, ಅಡ್ವಾನ್ಸ್ ಕೋರ್ಸು ಮುಗಿಸಿದ ಕನ್ನಡಿಗರು ಸಾಕಷ್ಟಿದ್ದಾರೆ. ಆದರೆ ನಮ್ಮ ಹಿಮಾಲಯದ ಎಕ್ಸ್‌ಪೆಡಿಶನ್ನುಗಳಲ್ಲಿ ಹಗ್ಗ ಯಾರೋ ಮೊದಲೇ ಕಟ್ಟಿರುತ್ತಾರೆ, ನಾವು ಹಗ್ಗವನ್ನು ಕಚ್ಚಿ ಹಿಡಿಯುವ ಜುಮಾರ್ ಹಾಕಿ ಏರುತ್ತೇವೆ, ಅದೇ ಹಗ್ಗದಲ್ಲಿ ಇಳಿಯುತ್ತೇವೆ. ಏಳು ಸಾವಿರ ಮೀಟರ್ ಹತ್ತಿದವರೂ ತಮ್ಮ ಕೈಯಾರೆ ಒಂದು ಅಬಲಕೋವ್ ಕೊರೆದು ಅದಕ್ಕೆ ಜೋತುಬಿದ್ದಿರುವುದಿಲ್ಲ. ರಾಮನಗರ, ಬಾದಾಮಿಯ ಬಂಡೆಗಳಲ್ಲಿ ಹಗ್ಗದ ಕೆಲಸ ಕೈಗೆ ಕೂರುತ್ತದೆ. ಮಂಜು ಬೇಕೆಂದರೆ ಜನವರಿಯಲ್ಲಿ ಸ್ಪಿತಿ ಅಥವಾ ಲಡಾಖಿನ ಹೆಪ್ಪುಗಟ್ಟಿದ ಜಲಪಾತಗಳಿಗೆ ಹೋಗಬೇಕು, ಒಂದು ವಾರವಾದರೂ. ಅದಕ್ಕೂ ಮೊದಲು ಮೀನು ಬಂದರಿನ ಹತ್ತಿರವಿರುವವರಿಗೆ ಒಂದು ಉಪಾಯವಿದೆ. ಮಂಜುಗಡ್ಡೆ ಫ್ಯಾಕ್ಟರಿಯಿಂದ ಒಂದು ದಪ್ಪ ದಿಮ್ಮಿ ತಂದು, ಗೋಣಿಚೀಲದ ಮೇಲೆ ಮಲಗಿಸಿ ಸ್ಕ್ರೂ ಹಾಕಿ ನೋಡಿ. ಮೀನಿಗೆ ಹಾಕುವ ಆ ಗಡ್ಡೆ ಆಂಡಿಸ್‌ನ ಮಂಜಿನಂತಿಲ್ಲ, ಬೇಗ ಸೀಳುತ್ತದೆ, ಅದಕ್ಕೆ ಜೋತುಬೀಳುವ ಪ್ರಯೋಗ ಬೇಡ. ಆದರೆ ಓರೆ, ಅಂತರ, ಕೊಕ್ಕೆಗೆ ದಾರ ಸಿಗುವುದು, ಇವೆಲ್ಲ ಅದೇ. ಮೊದಮೊದಲು ಎರಡು ತೂತುಗಳು ಒಳಗೆ ಒಂದಕ್ಕೊಂದು ಸಿಗುವುದೇ ಇಲ್ಲ, ಒಂದರ ಕೆಳಗೆ ಇನ್ನೊಂದು ಹಾದುಹೋಗಿರುತ್ತದೆ. ಬೆಳಕಿನಲ್ಲಿ, ಬರಿಗೈಯಲ್ಲಿ ಸಲೀಸಾದ ಮೇಲೆ ದಪ್ಪ ಕೈಗವಸು ಹಾಕಿಕೊಂಡು, ದೀಪ ಆರಿಸಿ, ತಲೆದೀಪದಲ್ಲಿ ಮಾಡಿ. ದಿಮ್ಮಿ ಕರಗಿ ಮುಗಿಯುವಷ್ಟರಲ್ಲಿ ಒಂದು ಅಬಲಕೋವ್ ಐದು ನಿಮಿಷಕ್ಕೆ ಇಳಿದಿದ್ದರೆ ಟಿಕೆಟ್ ಬುಕ್ ಮಾಡಬಹುದು.